ಡೇರೆಗೊಂದು ಸಮತಟ್ಟಾದ ಜಾಗ

"ಇಲ್ಲಿ ಹಾಕೋ ಹಾಗಿಲ್ಲ," ಅಂದ, ಬಂಡೆಯ ಮೇಲೆ ಕೂತಿದ್ದವನು.

ದರ್ಜಿಗೂ ಅವನ ಭಾವಮೈದನಿಗೂ ಇದು ಮೂರನೆಯ ಜಾಗ. ಗಾಳ, ಬುಟ್ಟಿ, ಡೇರೆಯ ಗಂಟು ಹೊತ್ತು ಮಧ್ಯಾಹ್ನದಿಂದ ನದಿಯ ದಂಡೆ ಸುತ್ತುತ್ತಿದ್ದರು. ಮೊದಲ ಜಾಗದಲ್ಲಿ ಪಂಪ್‌ಹೌಸಿನ ಕಾವಲುಗಾರ ಬೋರ್ಡು ತೋರಿಸಿದ್ದ: ಮೀನು ಹಿಡಿಯಬಹುದು, ನಿಲ್ಲುವಂತಿಲ್ಲ. ನಿಲ್ಲದೆ ಹಿಡಿಯುವುದು ಹೇಗಪ್ಪಾ ಎಂದರೆ, "ನಡೀತಾ ನಡೀತಾ ಹಿಡೀರಿ" ಎಂದಿದ್ದ. ಸೇತುವೆಯ ಕೆಳಗೆ ಆಡುಗಳು ಮಲಗಿದ್ದವು. ಅವುಗಳ ಒಡೆಯ ಒಪ್ಪಿದರೂ ಆಡುಗಳು ಒಪ್ಪಲಿಲ್ಲ.

"ಬಂಡೆ ನಿಮ್ಮದಾ?" ದರ್ಜಿ ಕೇಳಿದ.

"ಅಲ್ಲ. ಇದರ ಯಜಮಾನರು ಬಂದು ನನ್ನ ಎಬ್ಬಿಸ್ಲಿ ಅಂತ ಕಾಯ್ತಿದೀನಿ. ಹನ್ನೊಂದು ವರ್ಷ ಆಯ್ತು. ಅವರು ಬರದೇ ನಾನು ಏಳೋದು ಹೇಗೆ ಹೇಳಿ?"

ಹೊತ್ತು ಮುಳುಗುವಾಗ ದಂಡೆಗೆ ಅಂಟಿಕೊಂಡಂತೆ ಹುಲ್ಲು ಬೆಳೆದ ಒಂದು ಜಾಗ ಸಿಕ್ಕಿತು. ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ. ಅಂಚಿನಲ್ಲಿ ಅಲ್ಲಲ್ಲಿ ಕಬ್ಬಿಣದ ಬಳೆಗಳೂ ಇದ್ದವು. "ಯಾರೋ ಪುಣ್ಯಾತ್ಮ ಡೇರೆ ಕಟ್ಟೋರಿಗೆ ಅಂತಲೇ ಹಾಕಿಟ್ಟಿದಾನೆ ನೋಡು!" ಎಂದು ದರ್ಜಿ ಹಗ್ಗಗಳನ್ನು ಬಿಗಿದ. ದಣಿವಿಗೆ ನೆಲವೇ ತೊಟ್ಟಿಲಿನಂತೆ ತೂಗುತ್ತಿದೆ ಅನ್ನಿಸಿತು. ಇಬ್ಬರೂ ಕೊರಡಿನಂತೆ ಮಲಗಿದರು.

ಎಚ್ಚರವಾದಾಗ ಬಿಸಿಲು ಡೇರೆಯ ಬಟ್ಟೆಯ ಮೇಲೆ ಹರಡಿತ್ತು. ಭಾವಮೈದ ಬಾಯಿ ತೆರೆಯುತ್ತಾನೆಂದು ದರ್ಜಿಗೆ ಗೊತ್ತಿತ್ತು. ಹೆಂಡತಿ ತವರಿಗೆ ಹೋಗಿ ಇಪ್ಪತ್ತು ದಿನ. ಮೀನಿನ ನೆಪದಲ್ಲಿ ಇವನು ಬಂದದ್ದೇ ಅಕ್ಕನ ಪರವಾಗಿ ಮಾತಾಡಲು.

"ಭಾವ, ತಪ್ಪಾಯ್ತು ಅಂತ ಒಂದು ಮಾತು ಹೇಳ್ಬಿಡಿ. ಅಕ್ಕ ನಾಳೆನೇ ಬರ್ತಾಳೆ."

"ನಾನೇನು ಕೊಲೆ ಮಾಡಿದ್ನಾ? ಎರಡು ಮೀಟರ್ ನೀಲಿ ಬಟ್ಟೆ ಕಣೋ!"

"ನನಗೊಂದು ಕುರ್ತಾ ಹೊಲಿದುಕೊಡಿ ಅಂತ ಅವಳು ಆಸೆಯಿಂದ ತಂದಿದ್ದು. ಎರಡು ವರ್ಷ ಕಪಾಟಿನಲ್ಲಿಟ್ಟು, ಕೊನೆಗೆ ಯಾರದೋ ಕೋಟಿಗೆ ಲೈನಿಂಗ್ ಮಾಡಿಬಿಟ್ರಲ್ಲ! ಊರಿಗೆಲ್ಲಾ ಹೊಲೀತೀರಿ, ಅವಳಿಗೊಂದು ಹೊಲಿಯೋಕೆ ಏನಾಗಿತ್ತು?"

ದರ್ಜಿ ಕೂಗಾಡಬೇಕೆಂದೇ ಎದ್ದು ಕೂತ. ಆದರೆ ಮನೆಯಲ್ಲಿ ಆಡಲಾಗದ ಮಾತು ಆ ಸಣ್ಣ ಡೇರೆಯೊಳಗೆ ತಾನಾಗಿಯೇ ಹೊರಬಿತ್ತು.

"ಅವಳ ಅಳತೆ ನನ್ನ ಹತ್ರ ಇರೋದು ಮದುವೆ ಹೊತ್ತಿಂದು. ಹೊಸದಾಗಿ ಅಳತೆ ತಗೊಳ್ಳೋಕೆ ಹೋದ್ರೆ, ದಪ್ಪ ಆಗಿದೀನಾ ಅಂತ ಕೇಳೇ ಕೇಳ್ತಾಳೆ. ಹೌದು ಅಂದ್ರೆ ಅಳ್ತಾಳೆ. ಇಲ್ಲ ಅಂದ್ರೆ ಕುರ್ತಾ ಬಿಗಿಯಾಗುತ್ತೆ. ಏನು ಮಾಡ್ಲಿ? ಇವತ್ತು ನಾಳೆ ಅಂತ ತಳ್ಳಿದೆ. ಆಮೇಲೆ ಕಪಾಟು ತೆಗೆದಾಗೆಲ್ಲಾ ಆ ಬಟ್ಟೆ ನನ್ನನ್ನೇ ನೋಡೋದು. ತಡೆಯೋಕಾಗದೆ ಕತ್ತರಿಸಿಬಿಟ್ಟೆ."

ಡೇರೆಯ ಹೊರಗೆ ಯಾರೋ ಮೂಗು ಸೀಟಿದರು.

"ಅಷ್ಟಕ್ಕೆ ಎರಡು ವರ್ಷವಾ?" ಅಂತು ಒಂದು ಹೆಂಗಸಿನ ದನಿ. "ಅವಳು ನಿದ್ದೆ ಮಾಡ್ತಿರುವಾಗ ಅಳತೆ ತಗೊಳ್ಳೋದಲ್ವೇನಪ್ಪಾ?"

ದರ್ಜಿ ಜಿಪ್ ಎಳೆದು ತಲೆ ಹೊರಹಾಕಿದ. ನಾಲ್ಕೂ ಕಡೆ ನೀರು. ನದಿಯ ನಟ್ಟನಡುವೆ ಡೇರೆ ನಿಂತಿತ್ತು. ಅದರ ಸುತ್ತ ಇಪ್ಪತ್ತು ಜನ, ಎರಡು ಹಸು, ಒಂದು ಸ್ಕೂಟರು. ಜನರೆಲ್ಲ ದಡಕ್ಕೆ ಬೆನ್ನು ಮಾಡಿ, ಡೇರೆಗೆ ಮುಖ ಮಾಡಿ ಕೂತಿದ್ದರು. ಮೂಗು ಸೀಟಿದ್ದು ಸ್ಕೂಟರಿನವನು.

ಆಚೆ ಅಂಚಿನಲ್ಲಿ ಅಂಬಿಗ ದಡದಿಂದ ದಡಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ಎಳೆಯುತ್ತಿದ್ದ. "ಇದು ದನ ದಾಟಿಸೋ ತೆಪ್ಪ ಸ್ವಾಮಿ," ಎಂದು ತಪ್ಪು ತನ್ನದೇ ಎಂಬಂತೆ ಹೇಳಿದ. "ಕಾಲು ಜಾರಬಾರದು ಅಂತ ಮಣ್ಣು ಹಾಕಿದ್ವಿ, ಹುಲ್ಲು ಬಂದ್ಬಿಡ್ತು. ಬೆಳಿಗ್ಗೆಯಿಂದ ನಿಮ್ಮನ್ನ ಎರಡು ಸಲ ದಾಟಿಸಿದೆ, ಗೊರಕೆ ಹೊಡೀತಿದ್ರಿ. ಈ ಸಲ ಎಬ್ಬಿಸೋಣ ಅನ್ನೋಷ್ಟರಲ್ಲಿ ಮಾತು ಶುರುವಾಯ್ತು. ಸಂಸಾರದ ಮಾತು, ನಡುವೆ ಬಾಯಿ ಹಾಕೋದು ಚೆನ್ನಾಗಿರಲ್ಲ ಅಂತ ಸುಮ್ನಾದೆ."

ತೆಪ್ಪ ದಡಕ್ಕೆ ತಾಗಿತು. ಯಾರೂ ಏಳಲಿಲ್ಲ.

"ಇಳೀರಿ, ದಡ ಬಂತು," ಅಂದ ಅಂಬಿಗ.

"ಆತ ಫೋನ್ ಮಾಡ್ಲಿ, ಇಳೀತೀವಿ," ಅಂದಳು ಮೊದಲು ಮಾತಾಡಿದ್ದ ಮುದುಕಿ.

"ಏನಂತ ಮಾಡ್ಲಿ?" ಎಂದು ದರ್ಜಿ ಭಾವಮೈದನನ್ನು ಕೇಳಿದ. ಭಾವಮೈದ ಮುದುಕಿಯ ಮುಖ ನೋಡಿದ. ಮುದುಕಿ ಹೇಳಿದಳು. ಸ್ಕೂಟರಿನವನು ಅದರಲ್ಲಿ ಎರಡು ಮಾತು ತಿದ್ದಿದ. "ಕಣೇ ಅನ್ನೋದು ಬೇಡ, ಒರಟಾಯ್ತು," ಎಂದು ಹಸುವಿನ ಹಗ್ಗ ಹಿಡಿದಿದ್ದವನು ಸೇರಿಸಿದ. ಬೇಕು, ಬೇಡ ಎಂದು ಸಣ್ಣ ಜಗಳವೇ ನಡೆದು, ಕೊನೆಗೆ ಬೇಡವೆಂದೇ ಆಯಿತು.

ಹೆಂಡತಿ ಮೂರನೆಯ ರಿಂಗಿಗೆ ಎತ್ತಿಕೊಂಡಳು. ದರ್ಜಿ ಡೇರೆಯ ಬಾಗಿಲಲ್ಲಿ ಮಂಡಿಯೂರಿ ಕೂತು ಹೇಳಬೇಕಾದ್ದನ್ನೆಲ್ಲ ಹೇಳಿದ. ನಡುವೆ ಒಂದು ಕಡೆ ಪಾಠ ಮರೆತುಹೋಗಿ, "ನೀನಿಲ್ಲದೆ ಅಂಗಡೀಲಿ ಕೈಯೇ ಓಡ್ತಿಲ್ಲ" ಎಂದು ತನ್ನದೇ ಒಂದು ಮಾತು ಹಾಕಿದ. ಅದನ್ನು ಯಾರೂ ತಿದ್ದಲಿಲ್ಲ. ದಡದಲ್ಲಿ ತೆಪ್ಪಕ್ಕೆ ಕಾದಿದ್ದವರು ಬೊಬ್ಬೆ ಹಾಕತೊಡಗಿದಾಗ, ಮುದುಕಿ ತುಟಿಯ ಮೇಲೆ ಬೆರಳಿಟ್ಟು ಅವರ ಬಾಯಿ ಮುಚ್ಚಿಸಿದಳು.

"ನಿಜ ಹೇಳಿ," ಅಂದಳು ಹೆಂಡತಿ. "ಯಾರಾದ್ರೂ ಹೇಳಿಕೊಟ್ರಾ?"

ದರ್ಜಿ ಇಲ್ಲವೆಂದು ತಲೆಯಾಡಿಸಿದ. ಅವನ ಸುತ್ತ ಇಪ್ಪತ್ತು ತಲೆಗಳೂ, ಸದ್ದಿಲ್ಲದೆ, ಇಲ್ಲವೆಂದು ಅಡ್ಡಡ್ಡ ಆಡಿದವು.