ಮೋತಿಯ ಕೊರಳಿಗೆ ಬಿದ್ದ ಹಾರ

ಆಟೋದಲ್ಲಿ ಮಗಳು ಪ್ರೀತಿಯ ತೊಡೆಯ ಮೇಲೆ ನಾಯಿ ಮೋತಿ ಜೊಲ್ಲು ಸುರಿಸುತ್ತಾ ನರಳುತ್ತಿತ್ತು. ಪಕ್ಕದಲ್ಲಿ ಕುಳಿತ ಮಾಳಮ್ಮನ ಬಾಯಲ್ಲಿ ‘ಹಣಮಪ್ಪಾ, ನನ್ನಪ್ಪಾ’ ಬಿಟ್ಟರೆ ಬೇರೆ ಮಾತಿಲ್ಲ. ಸೆರಗಿನ ತುದಿಗೆ ಹಾಕಿದ ಗಂಟನ್ನು ಮಾತ್ರ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ಸ್ಟೇಶನ್ ಬಜಾರಿನಲ್ಲಿ ಬೈಕು ಬಡಿದು ಮೋತಿಯ ಕಾಲು ಮುರಿದಾಗ ಹಣಮಪ್ಪನಿಗೆ ಹಾರದ ಹರಕೆ ಹೊತ್ತವಳು ಅವಳೇ. ಕಾಲು ಕೂಡಿತು. ಈ ಶನಿವಾರ ಬೆಳಿಗ್ಗೆ ತನ್ನೂರು ಕಮಲಾಪುರದ ಹೊಲದ ಬದುವಿನಲ್ಲಿ ಎಕ್ಕೆ ಹೂವು ಕಿತ್ತು, ಹಾರ ಕಟ್ಟಿಕೊಂಡು ಕಲಬುರಗಿಗೆ ಮರಳುವ ಬಸ್ಸು ಹತ್ತಿದ್ದಳು. ಪೂಜಾರಿ ಅದನ್ನು ಹಣಮಪ್ಪನ ಕೊರಳಿಗೆ ಹಾಕಿ, ಆರತಿ ಬೆಳಗಿ, ಪ್ರಸಾದವೆಂದು ಮರಳಿ ಕೊಟ್ಟ. ಮನೆಗೆ ಬಂದವಳು ಕೈಕಾಲು ತೊಳೆಯಲಿಲ್ಲ. ಗುಡಿಯಿಂದ ಬಂದು ತೊಳೆದರೆ ಪುಣ್ಯ ನೀರಿನ ಸಂಗಡ ಹರಿದು ಹೋಗುತ್ತದೆಂದು ಅತ್ತೆ ಹೇಳಿಕೊಟ್ಟಿದ್ದಳು. ‘ಹರಕಿ ನಿಂದು, ಹಾರನೂ ನಿಂದ ತಗೋ’ ಎಂದು ಮೋತಿಯ ಕೊರಳಿಗೆ ಹಾಕಿದಳು. ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ದಾರ, ಅದಕ್ಕಂಟಿದ ಅರ್ಧ ಹೂವು ಮಾತ್ರ ಉಳಿದಿತ್ತು. ಪ್ರೀತಿ ಕೆಲಸದಿಂದ ಬಂದಾಗ ನಾಯಿ ವಾಂತಿ ಮಾಡುತ್ತಿತ್ತು.

‘ಏನ್ ತಿಂದದ್ರಿ ಇದು?’ ದವಾಖಾನೆಯಲ್ಲಿ ನಾಯಿ ಡಾಕ್ಟರು ಜೀಶಾನ್ ಕೇಳಿದರು.

‘ಪ್ರಸಾದರೀ,’ ಎಂದಳು ಮಾಳಮ್ಮ.

‘ಪೇಢಾ ಏನ್ರಿ? ಅಷ್ಟs ಆದ್ರ ಅಂಜಬ್ಯಾಡ್ರಿ. ಒಂದು ಔಷಧ ಬರಕೊಡ್ತೀನಿ, ಮನಿಗೆ ಒಯ್ರಿ.’

ಡಾಕ್ಟರು ಚೀಟಿ ಬರೆಯತೊಡಗಿದರು, ಮಾಳಮ್ಮ ಅವರ ಪೆನ್ನನ್ನೇ ನೋಡಿದಳು. ಎಕ್ಕೆಯ ಹಾಲು ತಾಗಿದರೆ ಕಣ್ಣೇ ಹೋಗುತ್ತದೆಂದು ಅವಳಿಗೆ ಗೊತ್ತಿಲ್ಲದ್ದೇ? ಊರಲ್ಲಿ ಎಷ್ಟು ಹುಡುಗರ ಕೈಗೆ ಹೊಡೆದು ಆ ಹೂವು ಬಿಡಿಸಿದ್ದಳು! ಆದರೆ ದೇವರ ಕೊರಳು ಮುಟ್ಟಿ ಬಂದ ಮೇಲೆ ಅದು ಎಕ್ಕೆಯಲ್ಲ, ಪ್ರಸಾದ. ಅದನ್ನು ವಿಷವೆಂದು ಯಾವ ಬಾಯಿಂದ ಹೇಳುವುದು?

ಮೋತಿ ಮತ್ತೊಮ್ಮೆ ನರಳಿತು. ಮಾಳಮ್ಮ ಸೆರಗಿನ ಗಂಟು ಬಿಚ್ಚಿದಳು. ಎಸೆಯಬಾರದೆಂದು ಕಟ್ಟಿಕೊಂಡಿದ್ದ ದಾರ, ಅದರಲ್ಲಿ ಅರ್ಧ ಅಗಿದ ಒಂದು ಹೂವು.

‘ಯಕ್ಕಿ ಹೂವರೀ. ಹಾರಕ್ಕ ಹಾರs ತಿಂದದ.’

‘ಯವ್ವಾ! ಮೊದಲs ಹೇಳಾಕ ಏನಾಗಿತ್ತಬೇ ನಿನಗ?’ ಪ್ರೀತಿ ಚೀರಿದಳು.

ಡಾಕ್ಟರು ಬರೆಯುತ್ತಿದ್ದ ಚೀಟಿ ಬಿಟ್ಟೆದ್ದರು. ನಾಯಿಯ ಬಾಯಿ ತೊಳೆದರು, ಸೂಜಿ ಚುಚ್ಚಿದರು, ಸಲೈನ್ ಹಚ್ಚಿ ಎದೆಬಡಿತ ಕೇಳುತ್ತಾ ಕುಳಿತರು. ಬಹಳ ಹೊತ್ತಿನ ಮೇಲೆ ಮೋತಿ ಬಾಲ ಅಲ್ಲಾಡಿಸಿತು.

‘ಡಾಕ್ಟ್ರೇ, ಹಂಗಾರ ನಾವು ದೇವರಿಗೆ ವಿಷ ಹಾಕ್ತೀವೇನ್ರಿ?’ ಮಾಳಮ್ಮ ಮೆಲ್ಲಗೆ ಕೇಳಿದಳು.

ಜೀಶಾನ್ ನಕ್ಕರು. ‘ಅದು ನನಗೇನು ಗೊತ್ತು ಆಯಿ? ಆದ್ರ ದೇವರು ಕೊರಳಾಗಿನ ಹೂವು ಅಗಿಯಂಗಿಲ್ಲ. ಇದು ಅಗೀತದ.’

ಮುಂದಿನ ಶನಿವಾರವೂ ಮಾಳಮ್ಮ ಹಣಮಪ್ಪನಿಗೆ ಎಕ್ಕೆಯ ಹಾರ ಒಯ್ದಳು. ಪೂಜಾರಿ ಮರಳಿ ಕೊಡಬಂದರೆ, ‘ಅವನ ಕೊರಳಾಗs ಇರಲಿ ಬಿಡ್ರಿ’ ಎಂದು ಕೈ ಮುಗಿದಳು. ಮನೆಗೆ ಬರುತ್ತಲೇ ಮೋತಿ ಅವಳ ಕೈ ನೆಕ್ಕಲು ಓಡಿ ಬಂತು. ‘ತಡಿಯಪಾ, ತಡಿ’ ಎಂದು ನಳದ ಕಡೆ ನಡೆದು, ಬೆರಳ ಸಂದಿಗಳನ್ನೂ ಬಿಡದೆ ಕೈ ತಿಕ್ಕಿ ತೊಳೆದಳು.

‘ಪುಣ್ಯ ಎಲ್ಲಾ ಹರದು ಹೊಂಟದ ನೋಡಬೇ!’ ಪ್ರೀತಿ ಒಳಗಿನಿಂದ ಕಾಡಿಸಿದಳು.

‘ಎಲ್ಲಿ ಹೋಗ್ತದ?’ ಎಂದು ಮಾಳಮ್ಮ ಒದ್ದೆ ಅಂಗೈಗಳನ್ನು ಚಾಚಿದಳು. ಮೋತಿ ಒಂದು ಹನಿಯನ್ನೂ ಬಿಡದೆ ನೆಕ್ಕಿತು.