ಮೂರನೇ ಗೋದಾಮು

ಕಾವಲುಗಾರ ಭೀಮಶಿ ಸೊಂಟದಿಂದ ಬೀಗದ ಕೈ ತೆಗೆದು ಹಿನ್ನೀರಿನ ಕಡೆ ತೋರಿಸಿದ. "ಅಲ್ಲೈತ್ರಿ ಸಾಹೇಬ್ರ, ನಿಮ್ಮ ಮೂರನೇ ಗೋದಾಮು." ಪವಮಾನ ನೋಡಿದ. ನೀರು ಬಿಟ್ಟರೆ ಏನೂ ಇರಲಿಲ್ಲ.

ಪವಮಾನ ಸಕ್ಕರೆ ಕಂಪನಿಯ ಹೊಸ ಆಡಿಟರು. ಶೇರುಪೇಟೆಯಲ್ಲಿ ಹೆಸರಿದ್ದ ಕಂಪನಿ ಅದು. ಈ ವರ್ಷ ಖರೆ ಅಂದರೆ ನಷ್ಟವಾಗಿತ್ತು. ಬೀಳಗಿ ಬಳಿಯ ಮೂರನೇ ಗೋದಾಮಿನಲ್ಲಿ ಹೋದ ವರ್ಷದ ಎರಡು ಪಟ್ಟು ಸಕ್ಕರೆ ಇದೆಯೆಂದು ಲೆಕ್ಕದಲ್ಲಿ ತೋರಿಸಿ ಆ ನಷ್ಟವನ್ನು ಲಾಭ ಮಾಡಿದ್ದರು. 'ಕಣ್ಣಾರೆ ನೋಡಿದ್ದೇನೆ' ಎಂದು ಪವಮಾನ ರುಜು ಹಾಕಬೇಕಿತ್ತು. ಹಾಕದಿದ್ದರೆ ಕೆಲಸ ಹೋಗುತ್ತಿತ್ತು, ಸುಳ್ಳೇ ಹಾಕಿದರೆ ಎಂದಾದರೊಂದು ದಿನ ಜೈಲು. ಹಿಂದಿನ ಆಡಿಟರುಗಳು ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಹೋಳಿಗೆ ಉಂಡು, ಅಲ್ಲಿಂದಲೇ ಕಣ್ಣಾರೆ ನೋಡಿದ್ದರು. ಹಟ ಹಿಡಿದು ಇಲ್ಲಿಯವರೆಗೆ ಬಂದವನು ಇವನೊಬ್ಬನೇ.

ಗೋದಾಮು ಮುಳುಗಿ ಐದು ವರ್ಷವಾಯಿತೆಂದು ಭೀಮಶಿ ಹೇಳಿದ. ಡ್ಯಾಮಿನ ನೀರು ಬರುವ ಮೊದಲೇ ಚೀಲಗಳನ್ನೆಲ್ಲ ಲಾರಿ ತುಂಬಿ ಒಯ್ದಿದ್ದರು. ಒಳಗೆ ಒಂದು ಹರಳೂ ಉಳಿದಿರಲಿಲ್ಲ. ಊರು ಎದ್ದು ಹೋದರೂ ಅವನನ್ನು ಮಾತ್ರ ಕಾವಲಿಗೆ ಇಟ್ಟುಕೊಂಡು ತಪ್ಪದೆ ಪಗಾರ ಕೊಡುತ್ತಿದ್ದರು. ಬೀರೇಶ್ವರನ ಭಂಡಾರದ ಅರಿಸಿನ ಮುಟ್ಟಿ ಕಾಯುತ್ತೇನೆಂದು ಮಾತು ಕೊಟ್ಟವನು, ಕಾಯುತ್ತಿದ್ದ.

"ಖಾಲಿ ಗೋದಾಮು ಏನ ಕಾಯತೀಪಾ?" ಪವಮಾನನಿಗೆ ಸಿಟ್ಟೇ ಬಂತು.

"ಖಾಲಿ ಇತ್ರಿ," ಭೀಮಶಿ ದನಿ ತಗ್ಗಿಸಿದ. "ಈಗ ತುಂಬಾಕತ್ತೈತಿ. ನಿಮ್ಮ ಆಫೀಸಿನ್ಯಾಗ ಸಕ್ಕರಿ ಐತಂತ ಬರದಾಗೊಮ್ಮೆ ತಳದಾಗ ಚೀಲಾ ಒಗದಂಗ ಸಪ್ಪಳ ಆಗತೈತಿ."

ಪವಮಾನ ನಗಲು ಹೋದ; ನಗು ಬರಲಿಲ್ಲ. ಮಾರ್ಚ್ ತಿಂಗಳು. ಬರುವ ದಾರಿಯುದ್ದಕ್ಕೂ ಹಿನ್ನೀರು ಇಳಿದು ಹೊಲದ ಬದುಗಳು ಎದ್ದಿದ್ದವು. ಇಲ್ಲಿ ಮಾತ್ರ ನೀರು ದಡ ಬಿಟ್ಟು ಕದಲಿರಲಿಲ್ಲ. ಜಾಲಿಯ ಬುಡದಿಂದ ಕೆಂಪಿರುವೆಯ ಸಾಲೊಂದು ಹೊರಟು ನೆಟ್ಟಗೆ ನೀರಿನೊಳಗೆ ಇಳಿಯುತ್ತಿತ್ತು. ಒಂದೂ ತೇಲುತ್ತಿರಲಿಲ್ಲ. ಅವನಿಗೆ ಹೆದರಿಕೆಯಾಯಿತು.

ಆದದ್ದಾಗಲಿ, 'ಸಕ್ಕರೆ ಇಲ್ಲ' ಎಂದು ಬರೆದು ಜಮಖಂಡಿ ಬಸ್ಸು ಹಿಡಿಯುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡ. ಅಷ್ಟರಲ್ಲಿ ಭೀಮಶಿಯ ಹೆಂಡತಿ ಲಗಮವ್ವ ಗುಡಿಸಲಿನಿಂದ ಚಹಾ ತಂದಳು. ಬಿಸಿಲಿಗೆ ಗಂಟಲು ಒಣಗಿತ್ತು. ಅವನು ಒಂದೇ ಸಲಕ್ಕೆ ಅರ್ಧ ಕುಡಿದ. ತುಟಿಗೆ ತುಟಿ ಅಂಟಿತು.

"ಸಕ್ಕರಿ ಭಾಳ ಆಗೇದವ್ವಾ."

"ಸಕ್ಕರಿ ಹಾಕಿಲ್ರಿ," ಎಂದಳು ಲಗಮವ್ವ. "ಈ ಹಿನ್ನೀರಾಗಿಂದ ಒಂದ ಕೊಡ ತಂದು ಕಾಸೇನ್ರಿ. ಹ್ವಾದ ವರ್ಷ ಇಷ್ಟ ಸೀ ಇರಲಿಲ್ಲ."

ಕಿಸೆಯಲ್ಲಿ ಮೊಬೈಲು ಬಡಿದುಕೊಂಡಿತು. ಕಂಪನಿಯ ಚೇರ್ಮನ್ನರೇ. ಹೆದರಿಸಲಿಲ್ಲ, ಬೇಡಿಕೊಳ್ಳಲಿಲ್ಲ, ಒಂದೇ ಮಾತು ಕೇಳಿದರು: "ಮಾಲು ಐತಲ್ರಿ?"

ಇಲ್ಲ ಎನ್ನಲು ಪವಮಾನ ಬಾಯಿ ತೆರೆದ. ನಾಲಿಗೆ ತುಂಬ ಸಿಹಿ ಇತ್ತು.

"ಅದ ರೀ," ಎಂದ.

ನೀರಿಗೆ ಇಳಿಯುತ್ತಿದ್ದ ಇರುವೆಗಳು ನಿಂತವು. ಸಾಲು ಮೆಲ್ಲಗೆ ತಿರುಗಿ ಅವನ ಬೂಟಿನ ಕಡೆ ಬರತೊಡಗಿತು.