ಡಿಕಾಕ್ಷನ್‌ನಲ್ಲಿ ಮೂಡಿದ ಮುಖ

ಕ್ಯಾಮೆರಾ ಎದುರಿಗೆ ಏನೇ ಇರಲಿ, ಫೋಟೊದಲ್ಲಿ ಮೂಡುವುದು ತೆಗೆದವರ ಮನಸ್ಸಿನಲ್ಲಿ ಇರುವವರೇ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಇಂದುಮತಿ ಹೊಸ ಪ್ರಯೋಗವೆಂದು ಶೂ ಡಬ್ಬಿಗೆ ಸೂಜಿಯಲ್ಲಿ ತೂತು ಮಾಡಿ, ಒಳಗೆ ಫೋಟೊ ಕಾಗದವಿಟ್ಟು ಕ್ಯಾಮೆರಾ ಮಾಡಿಕೊಂಡು, ದಾಸವಾಳದ ಗಿಡಕ್ಕೆ ಹಿಡಿದು, ಬಚ್ಚಲಿನ ಕೆಂಪು ಬಲ್ಬಿನಡಿ ಕಾಗದವನ್ನು, ಚಿತ್ರ ಮೂಡಿಸುವ ರಾಸಾಯನಿಕದ ಬದಲು, ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿದಳು. ಈ ಸಲವೂ ಮೂಡಿದ್ದು ಕ್ಯಾಮೆರಾ ಕ್ಲಬ್ಬಿನ ಬಹುಮಾನವನ್ನೆಲ್ಲ ಬಾಚಿಕೊಳ್ಳುವ ಮಂದಾಕಿನಿ, ಅದೂ ಹಲ್ಲು ಕಿರಿದುಕೊಂಡು.

“ಥೂ, ದರಿದ್ರ!”

“ಕೊಡೆ ಇಲ್ಲಿ, ನಾನೊಂದು ತೆಗೀತೀನಿ,” ಎಂದ ಗಂಡ ಶಿವನಂಜ.

ಅವನ ಕಾಗದವನ್ನು ಅದ್ದಿ ಇಂದುಮತಿ ಡಿಕಾಕ್ಷನ್ ಮೇಲೆ ಬಗ್ಗಿದಳು. ಇವರಿಗೂ ಅವಳೇ ಬಂದರೆ? ಮೆಲ್ಲಗೆ ಮೂಡಿದ್ದು ಇಂದುಮತಿಯೇ, ಮದುವೆಯಾದ ಹೊಸತರಲ್ಲಿ ಹಾಕುತ್ತಿದ್ದ ಎರಡು ಜಡೆಯಲ್ಲಿ.

ಶಿವನಂಜ ನಾಚಿ ತಲೆ ಕೆರೆದುಕೊಂಡ. ಅವಳು ಫೋಟೊವನ್ನು ಬಲ್ಬಿಗೆ ಹಿಡಿದು ಮೂತಿ ತಿರುವಿದಳು.

“ಎಷ್ಟು ಮಸುಕು ರೀ! ಮಂದಾಕಿನಿ ಗಂಡ ತೆಗೆದ ಫೋಟೊದಲ್ಲಿ ಅವಳ ರೆಪ್ಪೆಕೂದಲೂ ಕಾಣುತ್ತೆ.”